ಬೆಂಗಳೂರು ಸಿಟಿ ರೈಲ್ವೆ ಸ್ಟೇಷನ್: ಬರ, ಎರಡು ಗೇಜ್ ಮತ್ತು ಒಂದು ಕೆರೆ

ಹಳಿಯಂಚು

ಮೆಜೆಸ್ಟಿಕ್ ಎದುರಿನ ನಮ್ಮ ಸಿಟಿ ಸ್ಟೇಷನ್ ಬಗ್ಗೆ ಎಲ್ಲಿ ಓದಿದರೂ ಅದೇ ನಾಲ್ಕು ಸಾಲು. ಹತ್ತು ಪ್ಲಾಟ್‌ಫಾರ್ಮ್ ಇದೆ, ತುಂಬಾ ಜನ ಓಡಾಡುತ್ತಾರೆ, ಈಗಿನ ಹೆಸರು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಅಲ್ಲಿಗೆ ಮುಗೀತು. ಕೆಲವರು 1864ರಲ್ಲಿ ಶುರುವಾಯಿತು ಅಂತಲೂ ಬರೆದುಬಿಡುತ್ತಾರೆ. ಅದು ಸಿಟಿ ಸ್ಟೇಷನ್ ಕಥೆ ಅಲ್ಲವೇ ಅಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಗೊತ್ತಿದ್ದವರು ಸೇರಿಸುತ್ತಾ ಹೋಗಿ.

1864ರ ಆಗಸ್ಟ್‌ನಲ್ಲಿ ರೈಲು ಬಂದಿದ್ದು ದಂಡಿಗೆ. ಮದ್ರಾಸ್ ರೈಲ್ವೆ ಕಂಪನಿಯವರು ಜೋಲಾರ್‌ಪೇಟೆಯಿಂದ ಬ್ರಾಡ್‌ಗೇಜ್, ಅಂದರೆ ಅಗಲ ಅಂತರದ ಹಳಿ ಹಾಕಿಕೊಂಡು ಬಂದು ಕಂಟೋನ್ಮೆಂಟ್‌ನಲ್ಲಿ ನಿಲ್ಲಿಸಿದರು. ಸೇನೆ ಇದ್ದದ್ದು ಅಲ್ಲಿ, ಕಂಪನಿಗೆ ಬೇಕಾಗಿದ್ದೂ ಅದೇ. ಚಿಕ್ಕಪೇಟೆಯವರೋ ಅರಳೇಪೇಟೆಯವರೋ ಮದ್ರಾಸಿಗೆ ಹೋಗಬೇಕಂದ್ರೆ ಗಂಟುಮೂಟೆ ಕಟ್ಟಿಕೊಂಡು ಗಾಡಿ ಹತ್ತಿ ದಂಡಿನವರೆಗೆ ಹೋಗಬೇಕಿತ್ತು. ವ್ಯಾಪಾರಿಗಳ ಮೂಟೆಗಳದ್ದೂ ಅದೇ ಪಾಡು. ಸುಮಾರು ಹದಿನೆಂಟು ವರ್ಷ ಹೀಗೇ ನಡೆಯಿತು.

ಪೇಟೆಯ ಪಕ್ಕಕ್ಕೆ ರೈಲು ಬಂದದ್ದು 1880ರ ದಶಕದ ಆರಂಭದಲ್ಲಿ. ಅದನ್ನು ತಂದದ್ದು ಮೈಸೂರು ಸಂಸ್ಥಾನದ ಸ್ವಂತ ಲೈನು. ಬೆಂಗಳೂರಿನಿಂದ ಮೈಸೂರಿಗೆ ಅದಕ್ಕಿಂತ ಕಿರಿದಾದ ಮೀಟರ್‌ಗೇಜ್ ಹಳಿ ಹಾಕಿದರಲ್ಲ, ಅದರ ಬೆಂಗಳೂರು ತುದಿಯೇ ಸಿಟಿ ಸ್ಟೇಷನ್. 1882ರಲ್ಲಿ ಮೈಸೂರಿನವರೆಗೆ ಲೈನು ಪೂರ್ತಿಯಾಯಿತು. ಅದೇ ವರ್ಷ ದಂಡಿನ ಬ್ರಾಡ್‌ಗೇಜನ್ನೂ ಸಿಟಿವರೆಗೆ ಎಳೆದು ತಂದರು. ದಂಡಿಗೂ ಸಿಟಿಗೂ ನಡುವೆ ಇರುವುದು ನಾಲ್ಕೈದು ಕಿಲೋಮೀಟರ್ ಅಷ್ಟೇ. ಅಷ್ಟು ದೂರ ದಾಟಲು ಇಷ್ಟು ವರ್ಷ!

ನನ್ನ ವಾದ ಇಷ್ಟು. ಸಿಟಿ ಸ್ಟೇಷನ್ನಿನ ಇತಿಹಾಸ ಹುಡುಕಬೇಕಾದ್ದು ಕಟ್ಟಡದಲ್ಲಿ ಅಲ್ಲ, ಹಳಿಗಳಲ್ಲಿ ಮತ್ತು ಸುತ್ತಲಿನ ರಸ್ತೆಗಳಲ್ಲಿ. ಎರಡು ಗೇಜ್ ಬಂದು ಮುಖಾಮುಖಿ ನಿಂತ ಜಾಗ ಅದು. ಅಲ್ಲಿಂದ ಮುಂದೆ ಈ ಊರು ಪಶ್ಚಿಮಕ್ಕೂ ಉತ್ತರಕ್ಕೂ ಬೆಳೆದದ್ದಕ್ಕೆ ಇದೇ ದೊಡ್ಡ ಕಾರಣ.

ಮೈಸೂರು ಲೈನ್

ಒಳ್ಳೆಯ ಕೆಲಸ ಶುರು ಮಾಡಿದ್ದೀರಿ. ಮೈಸೂರು ಲೈನ್ ಬಗ್ಗೆ ಮಾತಾಡುವಾಗ ಬರದ ಮಾತು ಮೊದಲು ಬರಲೇಬೇಕು.

1876ರಿಂದ 1878ರವರೆಗಿನ ಬರ. ನಮ್ಮ ಕಡೆ ಹಿರಿಯರು ಅದನ್ನು ಧಾತು ವರ್ಷದ ಬರ ಅಂತ ಹೇಳುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. ಹತ್ತು ವರ್ಷದ ನಂತರ, 1881ರಲ್ಲಿ, ಅದು 42 ಲಕ್ಷಕ್ಕಿಂತ ಕಡಿಮೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಸಿವಿನ ಜೊತೆ ಕಾಲರಾ, ಜ್ವರ ಎಲ್ಲ ಸೇರಿ ಊರೂರೇ ಖಾಲಿಯಾದವು.

ಆಗ ಮದ್ರಾಸ್ ಕಡೆಯಿಂದ ಕಾಳು ಬೆಂಗಳೂರು ದಂಡಿನವರೆಗೆ ರೈಲಿನಲ್ಲಿ ಬರುತ್ತಿತ್ತು. ಅಲ್ಲಿಂದ ಮುಂದೆ? ಎತ್ತಿನ ಗಾಡಿಯೇ ಗತಿ. ಮಳೆ ಇಲ್ಲ ಅಂದರೆ ಮೇವೂ ಇಲ್ಲ. ಮೇವಿಲ್ಲದೆ ಎತ್ತುಗಳು ಸಾಯುತ್ತಿದ್ದವು. ಹಳಿ ಮುಗಿಯುವ ಕಡೆ ಕಾಳು ಇದೆ, ಹಳಿ ಇಲ್ಲದ ಕಡೆ ಜನ ಸಾಯುತ್ತಿದ್ದಾರೆ. ಒಳನಾಡಿಗೆ ರೈಲು ಬೇಕು ಅನ್ನುವುದು ಆಗ ಎಲ್ಲರಿಗೂ ಮನದಟ್ಟಾಯಿತು.

ಇದೇ ಹೊತ್ತಿನಲ್ಲಿ ಬರ ಪರಿಹಾರದ ಕಾಮಗಾರಿ ಅಂತ ಮೈಸೂರು ಲೈನಿನ ಮಣ್ಣಿನ ಕೆಲಸ ಕೈಗೆತ್ತಿಕೊಂಡರು. ಹಸಿದು ಬಂದವರು ಮಣ್ಣು ಅಗೆದು, ಹೊತ್ತು, ಏರಿ ಹಾಕಿದರು. ಆ ಲೈನಿಗೆ ಖರ್ಚಾಗಿದ್ದು ಸುಮಾರು 55 ಲಕ್ಷ ರೂಪಾಯಿ ಅಂತ ಎಲ್ಲ ಕಡೆ ದಾಖಲಾಗಿದೆ. ದುಡ್ಡಿನ ಲೆಕ್ಕ ಇದೆ, ಮಣ್ಣು ಹೊತ್ತವರ ಹೆಸರು ಒಂದೂ ಇಲ್ಲ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಅಂತ ನಾವು ಕಿಟಕಿ ಪಕ್ಕ ಕೂತು ನೋಡಿಕೊಂಡು ಹೋಗುವ ದಾರಿ ಅದು.

1881ರ ಮಾರ್ಚ್ 25ಕ್ಕೆ ಬ್ರಿಟಿಷರು ಆಡಳಿತವನ್ನು ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರು. ದಿವಾನರು ರಂಗಾಚಾರ್ಲು. ಖಜಾನೆ ಬರಿದಾಗಿತ್ತು, ಸಾಲದ ಹೊರೆ ಇತ್ತು. ಅಂಥ ಕಾಲದಲ್ಲೂ ಲೈನು ನಿಲ್ಲಿಸಲಿಲ್ಲ ಅನ್ನುವುದು ಸಣ್ಣ ಮಾತಲ್ಲ.

ಹೊಸ ಓದುಗ

ಒಂದು ಪ್ರಶ್ನೆ. ಮದ್ರಾಸಿನವರು ಆಗಲೇ ಬ್ರಾಡ್‌ಗೇಜ್ ಹಾಕಿದ್ದಾಗ ಮೈಸೂರಿಗೆ ಯಾಕೆ ಮೀಟರ್‌ಗೇಜ್ ಹಾಕಿದರು? ಒಂದೇ ಅಳತೆ ಇಟ್ಟಿದ್ದರೆ ಎಷ್ಟು ಸುಲಭ ಆಗ್ತಿತ್ತು ಅಲ್ವಾ?

ಹಳಿಯಂಚು

ಖರ್ಚು. ಉತ್ತರ ಅಷ್ಟೇ.

ಬ್ರಾಡ್‌ಗೇಜ್ ಅಂದರೆ ಎರಡು ಹಳಿಗಳ ನಡುವೆ 1,676 ಮಿಲಿಮೀಟರ್. ಮೀಟರ್‌ಗೇಜ್ ಹೆಸರೇ ಹೇಳುವ ಹಾಗೆ 1,000. ಅಗಲ ಕಡಿಮೆಯಾದರೆ ಏರಿ ಸಣ್ಣದು, ಸೇತುವೆ ಸಣ್ಣದು, ಹಗುರ ಹಳಿ, ಹಗುರ ಬಂಡಿ, ತಿರುವನ್ನೂ ಬಿಗಿಯಾಗಿ ಹಾಕಬಹುದು. 1870ರ ಆಸುಪಾಸಿನಲ್ಲಿ ಲಾರ್ಡ್ ಮೇಯೋ ವೈಸರಾಯ್ ಆಗಿದ್ದಾಗ, ಜಾಸ್ತಿ ಸಾಗಾಟ ಇಲ್ಲದ ಕಡೆ ಮೀಟರ್‌ಗೇಜ್ ಹಾಕಿ ದುಡ್ಡು ಉಳಿಸೋಣ ಅನ್ನುವ ತೀರ್ಮಾನವಾಯಿತು. ಮೈಸೂರಿನಂಥ ಸಂಸ್ಥಾನಗಳಿಗೆ ಕೈಗೆಟುಕುತ್ತಿದ್ದದ್ದೂ ಅದೇ.

ಆಗ ಉಳಿಸಿದ ದುಡ್ಡನ್ನು ಮುಂದಿನ ನೂರು ವರ್ಷ ಸಿಟಿ ಸ್ಟೇಷನ್ನಿನಲ್ಲಿ ಬೆವರಿನ ರೂಪದಲ್ಲಿ ತೀರಿಸಬೇಕಾಯಿತು. ಮದ್ರಾಸಿನಿಂದ ಬಂದ ಬಂಡಿ ಮೈಸೂರು ಕಡೆಗೆ ಹೋಗುವ ಹಾಗಿಲ್ಲ. ಹರಿಹರದಿಂದ ಬಂದದ್ದು ಮದ್ರಾಸಿಗೆ ಹೋಗುವ ಹಾಗಿಲ್ಲ. ಜನ ಇಳಿದು ಇನ್ನೊಂದು ಕಡೆಗೆ ನಡೆದುಹೋಗಿ ಹತ್ತುತ್ತಿದ್ದರು. ಆದರೆ ಮೂಟೆ ತಾನೇ ನಡೆಯೋದಿಲ್ಲವಲ್ಲ.

ನಿವೃತ್ತ ರೈಲ್ವೆ

ಮೂಟೆ ವಿಷಯ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಎರಡು ತಲೆಮಾರು ರೈಲ್ವೆಯಲ್ಲಿ ದುಡಿದಿದೆ. ಗೇಜ್ ಬದಲಾವಣೆಗೆ ಮುಂಚಿನ ದಿನಗಳನ್ನು ನಾನೇ ಕಂಡವನು.

ಒಂದು ಗೇಜ್ ಮುಗಿದು ಇನ್ನೊಂದು ಶುರುವಾಗುವ ಯಾವ ಊರಿನಲ್ಲೇ ಆಗಲಿ ಮಾಲು ಬದಲಾಯಿಸುವ ಕ್ರಮ ಹೀಗೆ. ಉದ್ದನೆಯ ಒಂದು ಕಟ್ಟೆ. ಅದರ ಒಂದು ಮಗ್ಗುಲಿಗೆ ಬ್ರಾಡ್‌ಗೇಜ್ ವ್ಯಾಗನ್‌ಗಳ ಸಾಲು, ಇನ್ನೊಂದು ಮಗ್ಗುಲಿಗೆ ಮೀಟರ್‌ಗೇಜ್ ಸಾಲು. ಹಮಾಲರು ಒಂದರ ಬಾಗಿಲು ತೆಗೆದು ಮೂಟೆ ಬೆನ್ನಿಗೆ ಹಾಕಿಕೊಂಡು, ಕಟ್ಟೆ ದಾಟಿ, ಎದುರಿನ ವ್ಯಾಗನ್‌ಗೆ ಹಾಕಬೇಕು. ಸಿಮೆಂಟು, ಅಕ್ಕಿ, ಗೊಬ್ಬರ, ಕಲ್ಲಿದ್ದಲು, ಯಾವುದೇ ಆಗಲಿ ಕೈಯಲ್ಲೇ ಆಗಬೇಕು. ಒಂದು ಬ್ರಾಡ್‌ಗೇಜ್ ವ್ಯಾಗನ್ನಿನ ಮಾಲು ಒಂದು ಮೀಟರ್‌ಗೇಜ್ ವ್ಯಾಗನ್ನಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಲೆಕ್ಕ ಯಾವತ್ತೂ ಒಂದಕ್ಕೊಂದು ಸರಿಹೋಗದು. ಮಿಕ್ಕ ಮೂಟೆಗೆ ಇನ್ನೊಂದು ವ್ಯಾಗನ್, ಅದಕ್ಕೆ ಇನ್ನೊಂದು ಚೀಟಿ. ಗಾಜು, ಹೆಂಚು, ಪಿಂಗಾಣಿ ಬಂದರೆ ಗುಮಾಸ್ತರಿಗೆ ತಲೆನೋವು. ಎಷ್ಟು ಒಡೆದಿದೆ, ಯಾರ ಕೈಯಲ್ಲಿ ಒಡೆಯಿತು, ಈ ಜಗಳ ತೀರುತ್ತಲೇ ಇರಲಿಲ್ಲ.

ಗೂಡ್ಸ್ ಶೆಡ್ ರಸ್ತೆ ಅಂತ ಹಳಬರು ಈಗಲೂ ಹೇಳುತ್ತಾರೆ. ಬೋರ್ಡಿನಲ್ಲಿ ಟಿ.ಸಿ.ಎಂ. ರಾಯನ್ ರಸ್ತೆ ಅಂತ ಇದೆ. ಮಾಲು ಇಳಿಸಿ ಗಾಡಿಗೆ ಹೇರಿ ಪೇಟೆಗೆ ಒಯ್ಯುವ ವ್ಯವಹಾರ ಎಲ್ಲ ಆ ಕಡೆ ನಡೆಯುತ್ತಿತ್ತು. ಇವತ್ತಿಗೂ ಕಾಟನ್‌ಪೇಟೆ, ಅಕ್ಕಿಪೇಟೆ ಸುತ್ತ ಲಾರಿ ಆಫೀಸುಗಳೂ ಸಗಟು ಅಂಗಡಿಗಳೂ ಇಷ್ಟೊಂದು ಇರುವುದು ಸುಮ್ನೆ ಅಲ್ಲ.

ತುಮಕೂರು ಕಡೆಯವಳು

ಮೈಸೂರು ಲೈನ್ ಬಗ್ಗೆಯೇ ಎಲ್ಲರೂ ಬರೆಯುತ್ತಿದ್ದೀರಿ. ನಮ್ಮ ಕಡೆಗೂ ಸ್ವಲ್ಪ ಬನ್ನಿ!

ರಂಗಾಚಾರ್ಲು 1883ರಲ್ಲಿ ತೀರಿಕೊಂಡ ಮೇಲೆ ಶೇಷಾದ್ರಿ ಅಯ್ಯರ್ ದಿವಾನರಾದರು. ಅವರು 1901ರವರೆಗೆ ಇದ್ದರು. ರೈಲು ನಿಜವಾಗಿ ಹಬ್ಬಿದ್ದು ಅವರ ಕಾಲದಲ್ಲಿ. 1884ರಲ್ಲಿ ಲೈನು ತುಮಕೂರು ದಾಟಿ ಗುಬ್ಬಿವರೆಗೆ ಬಂತು. 1889ರಲ್ಲಿ ಹರಿಹರ ಮುಟ್ಟಿತು. ಇಷ್ಟು ದೂರದ ಹಳಿಗೆ ಸಂಸ್ಥಾನದ ಕೈಯಲ್ಲಿ ದುಡ್ಡಿರಲಿಲ್ಲ. ಹಾಗಾಗಿ 1886ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಲೈನು ನಡೆಸುವುದನ್ನು ಅವರಿಗೆ ವಹಿಸಿದರು. ಹರಿಹರದ ಆಚೆ ಅದೇ ಕಂಪನಿಯ ಹಳಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಪುಣೆ ಎಲ್ಲ ಸಿಟಿ ಸ್ಟೇಷನ್ನಿಗೆ ಸೇರಿದ್ದು ಹೀಗೆ.

ಗುಬ್ಬಿ ಅಂದ ಕೂಡಲೇ ಒಬ್ಬರನ್ನು ನೆನೆಯಬೇಕು. ಗುಬ್ಬಿ ತೋಟದಪ್ಪನವರು. ಗುಬ್ಬಿಯಲ್ಲಿ 1838ರಲ್ಲಿ ಹುಟ್ಟಿದವರು, ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿದವರು. ರೈಲಿಳಿದು ಬರುವ ಪರಊರಿನವರಿಗೆ ತಂಗಲು ಜಾಗ ಇಲ್ಲ ಅನ್ನುವುದನ್ನು ಕಂಡು, 1897ರಲ್ಲಿ ಸ್ಟೇಷನ್ ಎದುರಿನ ಎರಡೂವರೆ ಎಕರೆ ಜಾಗವನ್ನು ರೈಲ್ವೆಯಿಂದಲೇ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಜೊತೆಗೆ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಬೇರೆ. ಹಳ್ಳಿಯಿಂದ ಟ್ರಂಕು ಹೊತ್ತುಕೊಂಡು ಬಂದು ಅಲ್ಲಿದ್ದು ಓದಿದವರು ನಮ್ಮ ಜಿಲ್ಲೆಯಲ್ಲಿ ಮನೆಮನೆಗೂ ಇದ್ದಾರೆ ಅಂದರೂ ನಡೆಯುತ್ತದೆ. ಸ್ಟೇಷನ್ ಮುಂದಿನ ರಸ್ತೆಗೂ ಈಗ ಅವರದೇ ಹೆಸರು.

ನನಗೆ ಆ ಛತ್ರ ಸ್ಟೇಷನ್ನಿನ ಒಂದು ಭಾಗ ಅಂತಲೇ ಅನ್ನಿಸುತ್ತದೆ. ರೈಲ್ವೆ ಕಂಪನಿ ಜನರನ್ನು ತಂದು ಇಳಿಸಿತು. ಇಳಿದವರು ರಾತ್ರಿ ಎಲ್ಲಿ ಮಲಗಬೇಕು ಅಂತ ಯೋಚಿಸಿದ್ದು ಒಬ್ಬ ಪೇಟೆ ವ್ಯಾಪಾರಿ.

ಪೇಟೆ ಮನೆ

ತೋಟದಪ್ಪನವರ ವಿಷಯ ಬರೆದದ್ದಕ್ಕೆ ಧನ್ಯವಾದ. ನಮ್ಮ ತಾತ ಮುತ್ತಾತ ಎಲ್ಲ ಪೇಟೆಯವರೇ. ಅದಕ್ಕೇ ಕೆರೆಯ ಮಾತು ಎತ್ತದೆ ಇರಲಾರೆ.

ಸ್ಟೇಷನ್ನಿನಿಂದ ಹೊರಗೆ ಬಂದು ಮೆಜೆಸ್ಟಿಕ್ ಬಸ್ ನಿಲ್ದಾಣದ ಕಡೆ ನೋಡಿ. ತಗ್ಗಿನಲ್ಲಿ ಬಸ್ಸುಗಳು ನಿಂತಿರುವ ಆ ಇಡೀ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಕೆಂಪೇಗೌಡರ ಕಾಲದ ಕೆರೆ ಅಂತ ಹೆಸರು. ಪೇಟೆಗೆ ಕುಡಿಯುವ ನೀರು ಕೊಟ್ಟ ಕೆರೆ. ಮೊದಲ ರೈಲು ಬಂದಾಗ ಸ್ಟೇಷನ್ ಇದ್ದದ್ದು ಕೆರೆ ಪಕ್ಕ.

ರೈಲಿನ ಏರಿ ಬಂದದ್ದರಿಂದ ಕೆರೆಗೆ ನೀರು ಹರಿದುಬರುವ ದಾರಿಗೆ ಅಡ್ಡಿಯಾಯಿತು ಅಂತ ನಗರದ ಕೆರೆಗಳ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ನೆಲದ ಇಳಿಜಾರು ನೋಡಿದರೆ ಯಾರಿಗಾದರೂ ಅರ್ಥವಾಗುತ್ತದೆ. ಮಲ್ಲೇಶ್ವರದ ದಿಣ್ಣೆಯಿಂದ ಮಳೆನೀರು ಇಳಿದು ಬರುವುದು ಈ ತಗ್ಗಿಗೇ. ಮಧ್ಯೆ ಉದ್ದಕ್ಕೂ ಮಣ್ಣಿನ ಏರಿ ಹಾಕಿದರೆ ನೀರು ಎಲ್ಲಿಂದ ಬರಬೇಕು? ಆಮೇಲೆ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಕೆರೆಯನ್ನು ಕಾಪಾಡಿಕೊಳ್ಳುವ ತುರ್ತು ಯಾರಿಗೂ ಉಳಿಯಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಕೆರೆ ಬತ್ತಿ ಸುಭಾಷ್‌ನಗರ ಮೈದಾನವಾಯಿತು. ಸಭೆ, ಸರ್ಕಸ್ಸು, ವಸ್ತುಪ್ರದರ್ಶನ ಎಲ್ಲ ಅಲ್ಲೇ. ಕೊನೆಗೆ ಬಸ್ ನಿಲ್ದಾಣ ಬಂತು. ಈಗ ಅದರ ಕೆಳಗೆ ಮೆಟ್ರೋ.

ಕೆರೆ ಹೋದರೂ ಟ್ಯಾಂಕ್ ಬಂಡ್ ರಸ್ತೆ ಉಳಿದಿದೆ. ಆ ರಸ್ತೆಯಲ್ಲಿ ನಿಂತು ಬಸ್ ನಿಲ್ದಾಣದ ಕಡೆ ನೋಡಿದರೆ ನೀವು ನಿಂತಿರುವುದು ಎತ್ತರದಲ್ಲಿ, ಬಸ್ಸುಗಳು ತಗ್ಗಿನಲ್ಲಿ. ಜೋರು ಮಳೆ ಬಂದ ದಿನ ಅಲ್ಲಿ ನೀರು ನಿಲ್ಲುವುದನ್ನು ನೋಡಿ ಕಾಮಗಾರಿ ಸರಿ ಇಲ್ಲ ಅಂತ ಬೈಯುತ್ತೇವೆ. ನೀರಿಗೆ ಅದು ಇನ್ನೂ ತನ್ನ ಜಾಗವೇ.

ರೈಲಿನಿಂದ ಊರಿಗೆ ಆದ ಒಳ್ಳೆಯದನ್ನು ಬರೆಯುವಾಗ ಈ ಲೆಕ್ಕವೂ ಜೊತೆಗಿರಲಿ ಅನ್ನುವುದು ನನ್ನ ಆಸೆ.

ಹಳೆ ನಕ್ಷೆ

ಪೇಟೆ ಮನೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು ಕಹಿ ಲೆಕ್ಕ ಪ್ಲೇಗಿನದು.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಬಂದದ್ದು ರೈಲಿನಲ್ಲಿ, ಹುಬ್ಬಳ್ಳಿ ಧಾರವಾಡದ ಕಡೆಯಿಂದ. ಮೊದಲ ಸಾವುಗಳು ಕಂಡದ್ದೂ ರೈಲ್ವೆಯವರ ನಡುವೆಯೇ. ಆಗ ಸ್ಟೇಷನ್ನುಗಳಲ್ಲಿ ಪ್ರಯಾಣಿಕರನ್ನು ಇಳಿಸಿ, ನಿಲ್ಲಿಸಿ, ಜ್ವರ ಇದೆಯಾ, ಮೈಯಲ್ಲಿ ಪ್ಲೇಗಿನ ಗಂಟು ಇದೆಯಾ ಅಂತ ನೋಡುತ್ತಿದ್ದರು. ಅನುಮಾನ ಬಂದವರನ್ನು ಊರಾಚೆಯ ಗುಡಿಸಲು ಶಿಬಿರಕ್ಕೆ ಕಳಿಸುತ್ತಿದ್ದರು. ಸಂಸ್ಥಾನದ ಪ್ಲೇಗ್ ಕಮಿಷನರ್ ಆಗಿ ವಿ.ಪಿ. ಮಾಧವರಾಯರು ಕೆಲಸ ಮಾಡಿದರು. ಮುಂದೆ ದಿವಾನರಾದದ್ದು ಅವರೇ.

ಪೇಟೆಯ ಇಕ್ಕಟ್ಟು ಓಣಿಗಳಿಂದ ಜನ ಹೊರಗೆ ಹೋಗತೊಡಗಿದ್ದು ಆಗಲೇ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಜನೆ ಅದಕ್ಕೆ ಮುಂಚೆಯೇ ಇತ್ತು, ಆದರೆ ಮನೆಗಳು ಬೇಗ ಬೇಗ ಎದ್ದದ್ದು ಪ್ಲೇಗ್ ಹೆದರಿಕೆಯಿಂದ. ವಿಕ್ಟೋರಿಯಾ ಆಸ್ಪತ್ರೆ ಬಂದದ್ದೂ ಅದರ ಬೆನ್ನಿಗೇ.

ಹಳೆಯ ನಕ್ಷೆಗಳನ್ನು ನೋಡಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಹಳಿ ಹೋದ ದಾರಿಯಲ್ಲೇ ಗಿರಣಿಗಳು. ಸ್ಟೇಷನ್ ಪಕ್ಕದಲ್ಲಿ ಬಿನ್ನಿ ಮಿಲ್, ಅದು ಶುರುವಾದದ್ದು 1884ರಲ್ಲಿ. ಮಾಗಡಿ ರಸ್ತೆ ಕಡೆಗೆ ಮಿನರ್ವ ಮಿಲ್. ಮಲ್ಲೇಶ್ವರದ ಕಡೆ ರಾಜಾ ಮಿಲ್, ಈಗ ಆ ಜಾಗದಲ್ಲಿ ಮಂತ್ರಿ ಮಾಲ್ ಇದೆ. ಹತ್ತಿ ಬರುವುದೂ ರೈಲಿನಲ್ಲಿ, ಬಟ್ಟೆ ಹೋಗುವುದೂ ರೈಲಿನಲ್ಲಿ. ಗಿರಣಿ ಕೆಲಸಕ್ಕೆ ಬಂದವರ ಮನೆಗಳಿಂದಲೇ ಆ ಸುತ್ತಲಿನ ಬಡಾವಣೆಗಳು ತುಂಬಿದವು. ಈಗ ಗಿರಣಿ ಒಂದೂ ಇಲ್ಲ. ಎಲ್ಲ ಅಪಾರ್ಟ್‌ಮೆಂಟು, ಮಾಲು.

ಹೊಸ ಓದುಗ

ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಇನ್ನೊಂದು ಕೇಳಲಾ? ದಂಡು ಸ್ಟೇಷನ್ ಬ್ರಿಟಿಷರದ್ದು, ಸಿಟಿ ಸ್ಟೇಷನ್ ಮಹಾರಾಜರದ್ದು ಅಂತ ಕೇಳಿದ್ದೇನೆ. ಹೌದಾ?

ಹಳೆ ನಕ್ಷೆ

ನೆಲದ ಮಟ್ಟಿಗೆ ಹೌದು. 1881ರಲ್ಲಿ ಮೈಸೂರನ್ನು ವಾಪಸ್ ಕೊಡುವಾಗ ಬ್ರಿಟಿಷರು ದಂಡು ಪ್ರದೇಶವನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. ಅದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟರ ಆಡಳಿತ. ಪೇಟೆಯ ಬೆಂಗಳೂರು ಮಹಾರಾಜರ ಸರ್ಕಾರಕ್ಕೆ ಸೇರಿತ್ತು. ಹೀಗಾಗಿ ದಂಡಿನಲ್ಲಿ ರೈಲು ಹತ್ತಿ ಸಿಟಿಯಲ್ಲಿ ಇಳಿದರೆ ಬೇರೆ ಆಡಳಿತದ ನೆಲಕ್ಕೆ ಕಾಲಿಟ್ಟ ಹಾಗೆ. 1947ರಲ್ಲಿ ದಂಡು ಮೈಸೂರಿಗೆ ವಾಪಸ್ ಬಂತು, 1949ರಲ್ಲಿ ಎರಡೂ ಪುರಸಭೆ ಸೇರಿ ಒಂದೇ ಕಾರ್ಪೊರೇಷನ್ ಆಯಿತು.

ಹಳಿಗಳ ಒಡೆತನ ಮಾತ್ರ ಇಷ್ಟು ಸರಳ ಇಲ್ಲ. ಮಹಾರಾಜರ ನೆಲದ ಮೇಲಿದ್ದ ಮೀಟರ್‌ಗೇಜನ್ನು ಬಹುಕಾಲ ನಡೆಸಿದ್ದು ಸದರ್ನ್ ಮರಾಠಾ ಕಂಪನಿ. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಸಂಸ್ಥಾನ ತನ್ನ ಲೈನುಗಳನ್ನು ಹಂತಹಂತವಾಗಿ ಕೈಗೆ ತೆಗೆದುಕೊಂಡಿತು, 1938ರ ಹೊತ್ತಿಗೆ ಮುಖ್ಯ ಲೈನು ಕೂಡ ಬಂತು. 1951ರ ಏಪ್ರಿಲ್ 14ಕ್ಕೆ ಸದರ್ನ್ ರೈಲ್ವೆ ಹುಟ್ಟಿದಾಗ ಮೈಸೂರು ಸ್ಟೇಟ್ ರೈಲ್ವೆ ಅದರೊಳಗೆ ಸೇರಿತು. 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆ.

ನಿವೃತ್ತ ರೈಲ್ವೆ

ಆಡಳಿತದ ಮಾತು ಸಾಕು, ಕೆಲಸದ ಮಾತಿಗೆ ಬರೋಣ. ಈಗಿನ ಹುಡುಗರು ನೋಡಿರದ ಒಂದು ವಸ್ತು ಇದೆ, ಟೋಕನ್ ಚೆಂಡು.

ಮೈಸೂರು ಲೈನು ಬಹುಕಾಲ ಒಂಟಿ ಹಳಿ. ಹೋಗುವ ಗಾಡಿಗೂ ಬರುವ ಗಾಡಿಗೂ ಒಂದೇ ದಾರಿ. ಎದುರುಬದುರು ಬಾರದ ಹಾಗೆ ನೋಡಿಕೊಳ್ಳಲು ಎರಡು ಸ್ಟೇಷನ್ನುಗಳ ನಡುವೆ ಒಂದು ಜೋಡಿ ಯಂತ್ರ ಇರುತ್ತಿತ್ತು. ಕೆಂಪು ಬಣ್ಣದ ಕಬ್ಬಿಣದ ಪೆಟ್ಟಿಗೆ, ಒಳಗೆ ಉಕ್ಕಿನ ಚೆಂಡುಗಳು. ಆಚೆ ಸ್ಟೇಷನ್ ಮಾಸ್ಟರ್ ಗಂಟೆ ಬಾರಿಸಿ ಒಪ್ಪಿಗೆ ಕೊಟ್ಟರೆ ಮಾತ್ರ ಈಚೆ ಪೆಟ್ಟಿಗೆಯಿಂದ ಒಂದು ಚೆಂಡು ಹೊರಗೆ ಬೀಳುತ್ತದೆ. ಒಂದು ಹೊರಗಿದ್ದರೆ ಎರಡೂ ಕಡೆಯ ಪೆಟ್ಟಿಗೆಗೆ ಬೀಗ. ಎರಡನೆಯದು ಬರುವುದೇ ಇಲ್ಲ. ಚೆಂಡಿನ ಮೇಲೆ ಎರಡು ಸ್ಟೇಷನ್ನುಗಳ ಗುರುತು ಕೆತ್ತಿರುತ್ತಾರೆ. ಅದರಲ್ಲಿ ಒಂದು ತೂತು, ಅದರ ಆಕಾರ ಒಂದೊಂದು ಸೆಕ್ಷನ್ನಿಗೆ ಒಂದೊಂದು. ಒಂದು ಸೆಕ್ಷನ್ನಿನ ಚೆಂಡು ಇನ್ನೊಂದರ ಪೆಟ್ಟಿಗೆಗೆ ಹೋಗಬಾರದಲ್ಲ, ಅದಕ್ಕೆ.

ಆ ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ ಡ್ರೈವರ್‌ಗೆ ಕೊಡಬೇಕು. ಗಾಡಿ ನಿಲ್ಲದ ಸ್ಟೇಷನ್ ಆದರೆ ಓಡುವ ಇಂಜಿನ್ನಿನಿಂದಲೇ ಫೈರ್‌ಮನ್, ಅಂದರೆ ಇಂಜಿನ್ನಿಗೆ ಕಲ್ಲಿದ್ದಲು ಹಾಕುವವನು, ಕೈ ಚಾಚುತ್ತಾನೆ. ಹಳೇ ಬಳೆ ಕೆಳಗೆ ಎಸೆದು ಹೊಸದನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಾನೆ. ರಾತ್ರಿ ಹೊತ್ತು ಪಕ್ಕದಲ್ಲಿ ಪಂಜು ಹಿಡಿದು ನಿಲ್ಲಬೇಕಿತ್ತು. ತಪ್ಪಿದರೆ ಗಾಡಿ ನಿಲ್ಲಿಸಲೇಬೇಕು, ಬಳೆ ಹುಡುಕಿ ತರಲೇಬೇಕು. ಚೆಂಡಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗುವ ಹಾಗಿಲ್ಲ. ತೋಳಿನ ಮೇಲೆ ಬೆತ್ತದ ಪೆಟ್ಟಿನ ಗುರುತು ಇಲ್ಲದ ಫೈರ್‌ಮನ್ ಇರಲಿಲ್ಲ ನಮ್ಮ ಕಾಲದಲ್ಲಿ.

ಈಗ ಮೈಸೂರಿಗೆ ಜೋಡಿ ಹಳಿ, ವಿದ್ಯುತ್ ಇಂಜಿನ್, ಬಣ್ಣದ ದೀಪದ ಸಿಗ್ನಲ್. ಒಳ್ಳೆಯದೇ ಆಯಿತು.

ಮೈಸೂರು ಲೈನ್

ಎಷ್ಟು ಚೆನ್ನಾಗಿ ಬರೆದಿರಿ ಸರ್! ಇಂಥದ್ದೇ ಬೇಕಾಗಿದ್ದು.

ಗೇಜ್ ಬದಲಾದ ಕಥೆಯನ್ನೂ ಇಲ್ಲಿಗೇ ಜೋಡಿಸುತ್ತೇನೆ. 1991ರಿಂದ 1995ರವರೆಗೆ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಮಂತ್ರಿ. ಚಳ್ಳಕೆರೆಯವರು, ಬೆಂಗಳೂರು ಉತ್ತರದ ಸಂಸದರು. ದೇಶದಲ್ಲೆಲ್ಲ ಒಂದೇ ಗೇಜ್ ಅನ್ನುವ ಯೋಜನೆ ಅವರ ಕಾಲದ್ದು. ಮೈಸೂರು ಲೈನು 1993ರ ಹೊತ್ತಿಗೆ ಬ್ರಾಡ್‌ಗೇಜ್ ಆಯಿತು. 1994ರಲ್ಲಿ ಚೆನ್ನೈನಿಂದ ಶತಾಬ್ದಿ ನೇರ ಮೈಸೂರಿಗೇ ಬಂತು. 1864ರಲ್ಲಿ ದಂಡಿನಲ್ಲಿ ನಿಂತುಹೋಗಿದ್ದ ಹಳಿ, ಅದೇ ಅಗಲದಲ್ಲಿ, ಚಾಮುಂಡಿ ಬೆಟ್ಟದ ಬುಡ ಮುಟ್ಟಲು ಇಷ್ಟು ಕಾಲ ಹಿಡಿಯಿತು. ಹುಬ್ಬಳ್ಳಿ ಕಡೆಯದೂ 1990ರ ದಶಕದಲ್ಲೇ ಬದಲಾಯಿತು. ಆಮೇಲೆ ಸಿಟಿ ಸ್ಟೇಷನ್ನಿನಲ್ಲಿ ಗಾಡಿ ಬದಲಾಯಿಸುವ, ಮೂಟೆ ಬದಲಾಯಿಸುವ ಗೋಳು ಹೋಯಿತು.

ಕರ್ನಾಟಕದ ಒಳಗೆ ಹಳಿಯ ನಕ್ಷೆಯನ್ನು ಅಷ್ಟು ಪ್ರೀತಿಯಿಂದ ನೋಡಿದ ಮಂತ್ರಿ ಇನ್ನೊಬ್ಬರಿಲ್ಲ ಅಂತ ನನ್ನ ಅಭಿಪ್ರಾಯ.

ತುಮಕೂರು ಕಡೆಯವಳು

ಯಶವಂತಪುರದಿಂದ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಗೆ ಮೂರನೇ ಅಳತೆಯ ಹಳಿಯೂ ಇತ್ತು, ಅದನ್ನು ಮರೆಯಬೇಡಿ. ಎರಡೂವರೆ ಅಡಿಯ ನ್ಯಾರೋಗೇಜ್. ಕೋಲಾರದ ಕಡೆಯಿಂದ 1910ರ ದಶಕದಲ್ಲಿ ಹಾಕುತ್ತಾ ಬಂದದ್ದು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಹೀಗೆ ಪುಟ್ಟ ಪುಟ್ಟ ಸ್ಟೇಷನ್ನುಗಳು. ಹಂಚಿನ ಮಾಡು, ದಪ್ಪ ಗೋಡೆ. ನಂದಿ ಹಾಲ್ಟ್ ಮತ್ತು ಅದರ ಅಕ್ಕಪಕ್ಕದ ಕೆಲವನ್ನು ಪರಂಪರೆ ಕಾಳಜಿಯ ಇಂಟ್ಯಾಕ್ ಸಂಸ್ಥೆಯವರು ಇತ್ತೀಚೆಗೆ ದುರಸ್ತಿ ಮಾಡಿಸಿದ್ದಾರೆ. ಸುಣ್ಣದ ಗಾರೆ ಬಳಸಿ ಹಳೆಯ ರೀತಿಯಲ್ಲೇ ಮಾಡಿದ್ದಾರೆ. ಹೋಗಿ ನೋಡಬಹುದು.

ಕಟ್ಟಡ ಪ್ರಿಯ

ಇಡೀ ಚರ್ಚೆ ಓದಿದೆ. ಒಂದು ಆಕ್ಷೇಪ ಇದೆ. ನಂದಿ ಹಾಲ್ಟ್, ಮೈಸೂರು ಸ್ಟೇಷನ್ ಇವುಗಳಲ್ಲಿ ಉಳಿಸಲು ಹಳೆಯ ಕಟ್ಟಡ ಇದೆ. ಸಿಟಿ ಸ್ಟೇಷನ್ನಿನಲ್ಲಿ ಏನಿದೆ? ಕಟ್ಟಿ ಒಡೆದು, ಕಟ್ಟಿ ಒಡೆದು, ಈಗ ಇರುವುದು ಕಾಂಕ್ರೀಟಿನ ದೊಡ್ಡ ಹಜಾರ, ಎಸ್ಕಲೇಟರು, ಫ್ಲೆಕ್ಸು. ಇತಿಹಾಸ ಅಂತ ತೋರಿಸಲು ಕಣ್ಣಿಗೆ ಕಾಣುವ ಏನಾದರೂ ಇರಬೇಕಲ್ಲ? ದಿನಾ ಲಕ್ಷಾಂತರ ಜನ ಓಡಾಡುವ ಕಡೆ ಹಳೇ ಕಲ್ಲು ಹಿಡಿದುಕೊಂಡು ಕೂರುವುದೂ ಕಷ್ಟ. ಪ್ಲಾಟ್‌ಫಾರ್ಮ್ ಬೇಕು, ಜಾಗ ಬೇಕು. ಬೈಯಪ್ಪನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ಟರ್ಮಿನಲ್ 2022ರಲ್ಲಿ ಶುರುವಾದದ್ದೂ ಸಿಟಿ ಮೇಲಿನ ಒತ್ತಡ ಇಳಿಸಲಿಕ್ಕೇ.

ಹಳಿಯಂಚು

ಜಾಗದ ಕಷ್ಟ ನೀವು ಹೇಳಿದ ಹಾಗೇ ಇದೆ. ಹಳೇ ಕಟ್ಟಡ ಮತ್ತೆ ಕಟ್ಟಿ ಅಂತ ನಾನೂ ಕೇಳುತ್ತಿಲ್ಲ. ಆದರೆ ಕಣ್ಣಿಗೆ ಕಾಣುವ ಗುರುತುಗಳು ಬೇಕಾದಷ್ಟಿವೆ, ನಾವು ನೋಡುತ್ತಿಲ್ಲ.

ಎದುರಿಗೆ ತೋಟದಪ್ಪನವರ ಛತ್ರ ನಿಂತಿದೆ. ಟ್ಯಾಂಕ್ ಬಂಡ್ ರಸ್ತೆಯ ಎತ್ತರ ಇದೆ. ಗೂಡ್ಸ್ ಶೆಡ್ ರಸ್ತೆ, ಪ್ಲಾಟ್‌ಫಾರಂ ರಸ್ತೆ ಅನ್ನುವ ಹೆಸರುಗಳಿವೆ. ಸ್ಟೇಷನ್ನಿನಿಂದ ಹೊರಡುವ ಹಳಿಗಳ ತಿರುವುಗಳೇ ಇವೆ. ಮದ್ರಾಸ್ ಕಡೆಗೆ ಹೋಗುವ ಹಳಿ ಹೇಗೆ ಸುತ್ತಿ ದಂಡಿನತ್ತ ತಿರುಗುತ್ತದೆ, ಮೈಸೂರಿನದು ಹೇಗೆ ನೈಋತ್ಯಕ್ಕೆ ಹೊರಡುತ್ತದೆ, ಓಕಳಿಪುರದ ಕಡೆಯಿಂದ ನೋಡಿದರೆ ಒಂದು ಕಂಪನಿ ಮತ್ತು ಒಂದು ಸಂಸ್ಥಾನ ಬೇರೆ ಬೇರೆ ದಿಕ್ಕಿನಿಂದ ಬಂದದ್ದು ಈಗಲೂ ಗೊತ್ತಾಗುತ್ತದೆ.

ನಾನು ಕೇಳುವುದು ಸಣ್ಣದು. ಮುಖ್ಯ ಹಜಾರದಲ್ಲಿ ಒಂದು ಗೋಡೆ. ಅದರ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರದ ಕಥೆ, ಏರಿ ಹಾಕಿದ ಜನರ ಕಥೆ. ಪಕ್ಕದಲ್ಲಿ ಧರ್ಮಾಂಬುಧಿ ಕೆರೆ ಇದ್ದ ಕಾಲದ ನಕ್ಷೆ. ನೆಲದ ಮೇಲೆ ಎರಡು ಹಿತ್ತಾಳೆ ಪಟ್ಟಿ 1,676 ಮಿಲಿಮೀಟರ್ ಅಂತರದಲ್ಲಿ, ಅದರ ಒಳಗೆ ಇನ್ನೊಂದು 1,000ಕ್ಕೆ. ಮಕ್ಕಳು ಅದರ ಮೇಲೆ ನಿಂತು ಅಳೆಯಲಿ. ರೈಲು ತಡವಾದಾಗ ಕಾಯುವ ಜನಕ್ಕೆ ಫೋನ್ ಬಿಟ್ಟು ನೋಡಲು ಏನಾದರೂ ಇರಲಿ. ಇದಕ್ಕೆ ಪ್ಲಾಟ್‌ಫಾರ್ಮ್ ಒಡೆಯಬೇಕಿಲ್ಲ. ಉಪನಗರ ರೈಲಿನ ಕೆಲಸಕ್ಕೆ ಹೇಗೂ ಸ್ಟೇಷನ್ ಸುತ್ತ ಮತ್ತೆ ಅಗೆಯುತ್ತಾರೆ. ಆಗಲೇ ಸೇರಿಸಿಬಿಟ್ಟರೆ ಆಯಿತು.

ಮನವಿಯ ಕರಡು ನಾನು ಬರೆಯುತ್ತೇನೆ. ಬರದ ಭಾಗ ಮೈಸೂರು ಲೈನ್ ಅವರು, ಕೆರೆಯ ಭಾಗ ಪೇಟೆ ಮನೆಯವರು ತಿದ್ದಿಕೊಡಿ.

ಪೇಟೆ ಮನೆ

ಕೆರೆಯ ಭಾಗ ನನ್ನದು, ಆಯಿತು. ಛತ್ರದ ಭಾಗ ತುಮಕೂರು ಕಡೆಯವರು ಬರೆದರೆ ಚೆನ್ನ.

ಕಟ್ಟಡ ಪ್ರಿಯ

ಹಿತ್ತಾಳೆ ಪಟ್ಟಿಯ ಯೋಚನೆ ಇಷ್ಟವಾಯಿತು. ಅದರ ಅಳತೆಯ ಚಿತ್ರ ನಾನು ಬರೆದುಕೊಡುತ್ತೇನೆ. ಹಿತ್ತಾಳೆ ಬೇಗ ಸವೆದು ನುಣುಪಾಗಿ ಜಾರುತ್ತದೆ. ಓಡಾಟ ಜಾಸ್ತಿ ಇರುವ ಕಡೆ ಬೇಡ, ಗೋಡೆಯ ಹತ್ತಿರಕ್ಕೆ ಹಾಕೋಣ.

ಹೊಸ ಓದುಗ

ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ದಪ್ಪ ರಟ್ಟಿನ ಚಿಕ್ಕ ಚಿಕ್ಕ ಟಿಕೆಟ್‌ಗಳಿವೆ. ಬೆಂಗಳೂರು ಸಿಟಿ ಅಂತ ಅಚ್ಚಾಗಿದೆ. ಇವು ಉಪಯೋಗಕ್ಕೆ ಬರುತ್ತವಾ? ಹಾಳಾಗದ ಹಾಗೆ ಲ್ಯಾಮಿನೇಷನ್ ಮಾಡಿಸಲಾ?

ನಿವೃತ್ತ ರೈಲ್ವೆ

ಬೇಡ ಬೇಡ, ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ! ಬಿಸಿಗೂ ಅಂಟಿಗೂ ರಟ್ಟು ಹಾಳಾಗುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ.

ಅವು ಎಡ್ಮಂಡ್ಸನ್ ಟಿಕೆಟ್‌ಗಳು. ಕೌಂಟರಿನಲ್ಲಿ ಕಬ್ಬಿಣದ ಸಣ್ಣ ಯಂತ್ರದ ಬಾಯಿಗೆ ಟಿಕೆಟ್ ತೂರಿಸಿ ಟಕ್ ಅಂತ ಒತ್ತಿದರೆ ತಾರೀಕು ಬೀಳುತ್ತಿತ್ತು. ಟಿಕೆಟ್ಟಿನ ತುದಿಯನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ, ಶಾಯಿ ಮಾಸಿದ್ದರೂ ಅಂಕಿಯ ಅಚ್ಚು ರಟ್ಟಿನಲ್ಲಿ ತಗ್ಗಾಗಿ ಉಳಿದಿರುತ್ತದೆ. ಹಿಂದೆ ಮುಂದೆ ಎರಡೂ ಕಡೆ ಸ್ಕ್ಯಾನ್ ಮಾಡಿ ಇಲ್ಲಿ ಹಾಕಿ. ಆಮೇಲೆ ಒಂದೊಂದನ್ನೂ ಬೇರೆ ಬೇರೆ ಬಿಳಿ ಕಾಗದದ ಕವರಿನಲ್ಲಿಟ್ಟು, ಕವರಿನ ಮೇಲೆ ಪೆನ್ಸಿಲಿನಲ್ಲಿ ಎಲ್ಲಿಂದ ಎಲ್ಲಿಗೆ, ಯಾವ ವರ್ಷ, ಯಾರ ಪ್ರಯಾಣ ಅಂತ ಬರೆದಿಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಬೇಸಿಗೆಯಲ್ಲಿ ಕರಗಿ ಅಂಟುತ್ತದೆ. ಬೆಂಗಳೂರು ಸಿಟಿಯಿಂದ ಅರಸೀಕೆರೆ, ಬೀರೂರು, ಹರಿಹರ ಕಡೆಯ ಹಳೇ ಟಿಕೆಟ್ ಇದ್ದರೆ ಅದನ್ನೇ ಮೊದಲು ಹಾಕಿ.